ಚಿಕ್ಕಪ್ಪ ಕುಡಿಯುತ್ತಿರಲಿಲ್ಲ

ಲಿವರ್ ಹಾಳಾಗಿದೆ ಅಂತ ಗೊತ್ತಾದ ಕೂಡಲೇ ನಮ್ಮ ಕಡೆ ಜನ ಕೇಳುವ ಮೊದಲ ಮಾತು ಒಂದೇ: "ಕುಡೀತಿದ್ರಾ?" ಇಲ್ಲ ಅಂದರೆ ಯಾರೂ ನಂಬುವುದಿಲ್ಲ. ಕೊಡಗು ಅಂದಮೇಲೆ ಕುಡಿತ ಇದ್ದೇ ಇರುತ್ತದೆ ಅಂತ ಹೊರಗಿನವರು ಅಂದುಕೊಳ್ಳುವುದು ಬೇರೆ ವಿಷಯ. ಆದರೆ ಊರಿನವರೇ, ನಮ್ಮ ಮನೆಯಲ್ಲಿ ಉಂಡವರೇ, ಚಿಕ್ಕಪ್ಪ ಕದ್ದು ಕುಡಿಯುತ್ತಿದ್ದರಂತೆ ಅಂತ ತಿಥಿಯ ದಿನ ಪಿಸುಗುಟ್ಟಿದ್ದು ಚಿಕ್ಕಮ್ಮನ ಕಿವಿಗೆ ಬಿತ್ತು. ಅವರು ಅದನ್ನು ಇವತ್ತಿಗೂ ಮರೆತಿಲ್ಲ. ಈ ಬರಹ ಮುಖ್ಯವಾಗಿ ಅವರಿಗಾಗಿ. ಜೊತೆಗೆ, ಮನೆಯಲ್ಲಿ ಒಬ್ಬರಿಗೆ ಲಿವರ್ ಕಾಯಿಲೆ ಬಂದು ಉಳಿದವರು ತಮಗೇನೂ ಆಗುವುದಿಲ್ಲ ಅಂತ ಸುಮ್ಮನಿರುವ ಎಲ್ಲ ಮನೆಗಳಿಗಾಗಿ.

ಚಿಕ್ಕಪ್ಪ ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಸಣಕಲು ದೇಹ. ದಿನಾ ತೋಟ ಸುತ್ತುವ ಕೆಲಸ, ಏರು ಇಳಿಜಾರು ಎಲ್ಲ ನಡಿಗೆಯಲ್ಲೇ. ಸ್ವಲ್ಪ ಶುಗರ್ ಇತ್ತು, ಮಾತ್ರೆ ತಗೊಳ್ಳುತ್ತಿದ್ದರು. ಒಂದು ಮಳೆಗಾಲ ಕಾಲು ಊದಿತು, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು, ಒಂದು ರಾತ್ರಿ ರಕ್ತ ವಾಂತಿ ಆಯಿತು. ಮೈಸೂರಿಗೆ ಕರೆದುಕೊಂಡು ಹೋದೆವು. ಸಿರೋಸಿಸ್, ಅಂದರೆ ಇಡೀ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಅಂದರು. ಹೆಪಟೈಟಿಸ್ ಬಿ ಇಲ್ಲ, ಸಿ ಇಲ್ಲ, ಕುಡಿತ ಇಲ್ಲ. ಹಾಗಾದರೆ ಫ್ಯಾಟಿ ಲಿವರ್‌ನಿಂದಲೇ, ಅಂದರೆ ಲಿವರ್‌ನಲ್ಲಿ ಕೊಬ್ಬು ತುಂಬಿಯೇ, ಇಲ್ಲಿಗೆ ಬಂದಿದೆ ಅಂತ ಡಾಕ್ಟರ್ ಹೇಳಿದಾಗ ನಮಗೆ ಯಾರಿಗೂ ಅರ್ಥವಾಗಲಿಲ್ಲ. ಯಾಕೆಂದರೆ ಅವರ ಅಣ್ಣ, ಅಂದರೆ ನಮ್ಮ ಅಪ್ಪ, ದಪ್ಪಗಿದ್ದಾರೆ. ಮದುವೆ ಮನೆಗೆ ಹೋದರೆ ಎರಡು ಪೆಗ್ ಹಾಕುತ್ತಾರೆ, ಪಂದಿ ಕರಿ ಎರಡು ಸಲ ಬಡಿಸಿಕೊಳ್ಳುತ್ತಾರೆ. ಅವರ ಲಿವರ್ ಇನ್ನೂ ಗ್ರೇಡ್ 1, ಅಂದರೆ ಕೊಬ್ಬು ತುಂಬುವ ಮೊದಲ ಹಂತ, ದಾಟಿಲ್ಲ.

ನಾನು ಗೋಣಿಕೊಪ್ಪದ ಒಂದು ಸಣ್ಣ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರಲ್ಲಿ ಎಷ್ಟೋ ಜನರ ಕೈಯಲ್ಲಿ ಹಳೇ ಸ್ಕ್ಯಾನ್ ರಿಪೋರ್ಟ್ ಇರುತ್ತದೆ, ಅದರಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಒಂದು ಸಾಲು ಇರುತ್ತದೆ. ಕಲ್ಲು ಇದೆಯಾ ಅಂತ ನೋಡಲು ಮಾಡಿಸಿದ ಸ್ಕ್ಯಾನ್‌ನಲ್ಲಿ ಇದು ಸಿಕ್ಕಿರುತ್ತದೆ. ಭಾರತದ ಬೇರೆ ಬೇರೆ ಅಧ್ಯಯನಗಳನ್ನು 2022ರಲ್ಲಿ ಒಟ್ಟು ಸೇರಿಸಿ ನೋಡಿದಾಗ ದೊಡ್ಡವರಲ್ಲಿ 100ಕ್ಕೆ 38ಕ್ಕಿಂತ ಜಾಸ್ತಿ ಜನರ ಲಿವರ್‌ನಲ್ಲಿ ಕೊಬ್ಬು ತುಂಬಿತ್ತು. ಇವರಲ್ಲಿ ಹೆಚ್ಚಿನವರಿಗೆ ಅದು ಸಿರೋಸಿಸ್ ತನಕ ಹೋಗುವುದಿಲ್ಲ. ಕೆಲವರಿಗೆ ಹೋಗುತ್ತದೆ. ಆ ಕೆಲವರು ಯಾರು ಅನ್ನುವುದೇ ದೊಡ್ಡ ಪ್ರಶ್ನೆ. ಚಿಕ್ಕಪ್ಪ ಹೋದಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದತೊಡಗಿದ್ದು ಆ ಪ್ರಶ್ನೆಯ ಹಿಂದೆ ಬಿದ್ದು.

ಉತ್ತರದ ಒಂದು ಭಾಗ ಸಿಕ್ಕಿದ್ದು ಅಮೆರಿಕದ ಡಲ್ಲಾಸ್ ಊರಿನಲ್ಲಿ. ಅಲ್ಲಿ ಸಾವಿರಾರು ಜನರ ಲಿವರ್‌ನಲ್ಲಿ ಎಷ್ಟು ಕೊಬ್ಬಿದೆ ಅಂತ ಸ್ಕ್ಯಾನ್ ಮಾಡಿ ಅಳೆದರು. 2004ರಲ್ಲಿ ಬಂದ ಲೆಕ್ಕ ಹೀಗಿತ್ತು: ಮೆಕ್ಸಿಕೊ ಕಡೆಯ ಮೂಲದ ಹಿಸ್ಪಾನಿಕ್ ಜನರಲ್ಲಿ 100ಕ್ಕೆ 45 ಜನರಿಗೆ ಫ್ಯಾಟಿ ಲಿವರ್, ಬಿಳಿಯರಲ್ಲಿ 33, ಕರಿಯರಲ್ಲಿ 24. ಕರಿಯರಲ್ಲಿ ದಪ್ಪಗಿರುವವರು, ಶುಗರ್ ಇರುವವರು ಕಡಿಮೆಯೇನೂ ಇರಲಿಲ್ಲ. ಆದರೂ ಅವರ ಲಿವರ್‌ನಲ್ಲಿ ಕೊಬ್ಬು ಕಡಿಮೆ. ಅಂದರೆ ತೂಕ ಒಂದೇ ಇದಕ್ಕೆ ಕಾರಣ ಅಲ್ಲ ಅಂತ ಆಯಿತು. ಅದೇ ಜನರ ರಕ್ತದಿಂದ ಡಿಎನ್ಎ ತೆಗೆದು, ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಅವರ ತಂಡ ಒಂಬತ್ತು ಸಾವಿರಕ್ಕೂ ಹೆಚ್ಚು ವ್ಯತ್ಯಾಸಗಳನ್ನು ಒಂದೊಂದಾಗಿ ಲಿವರ್ ಕೊಬ್ಬಿನ ಜೊತೆ ಹೋಲಿಸಿ ನೋಡಿತು. 2008ರಲ್ಲಿ ಉತ್ತರ ಪ್ರಕಟವಾಯಿತು. ಎದ್ದು ಕಂಡದ್ದು ಒಂದೇ ಜೀನ್. ಹೆಸರು ಪಿಎನ್‌ಪಿಎಲ್‌ಎ3. ನಮ್ಮ 22ನೇ ಕ್ರೋಮೋಸೋಮಿನಲ್ಲಿ ಇರುವ ಜೀನ್ ಇದು. ಅದರಲ್ಲಿ ಒಂದೇ ಒಂದು ಅಕ್ಷರ, 'ಸಿ' ಇರಬೇಕಾದಲ್ಲಿ 'ಜಿ', ಅಷ್ಟೇ ವ್ಯತ್ಯಾಸ. ಆ ಒಂದಕ್ಷರದಿಂದ ಪ್ರೋಟೀನಿನ 148ನೇ ಜಾಗದಲ್ಲಿ ಐಸೊಲ್ಯೂಸಿನ್ ಅನ್ನುವ ಅಮೈನೊ ಆಮ್ಲದ ಬದಲು ಮೆಥಿಯೊನಿನ್ ಬಂದು ಕೂರುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡೂ ಪ್ರತಿ ಹೀಗೆ ಬದಲಾಗಿದ್ದವರ ಲಿವರ್‌ನಲ್ಲಿ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬು ಇತ್ತು. ಇನ್ನೊಂದು ವಿಷಯ ಓದಿದಾಗ ನನಗೆ ಮೈ ಜುಮ್ಮೆಂದಿತು. ಈ ಜೀನಿನ ಒಟ್ಟು ಪ್ರತಿಗಳಲ್ಲಿ ಬದಲಾದ ಅಕ್ಷರ ಇರುವುದು ಹಿಸ್ಪಾನಿಕ್ ಜನರಲ್ಲಿ ಶೇಕಡಾ 49, ಬಿಳಿಯರಲ್ಲಿ 23, ಕರಿಯರಲ್ಲಿ 17. ಕಾಯಿಲೆ ಯಾವ ಸಾಲಿನಲ್ಲಿ ಇಳಿಯುತ್ತದೋ ಅಕ್ಷರವೂ ಅದೇ ಸಾಲಿನಲ್ಲಿ ಇಳಿಯುತ್ತದೆ.

ಈ ಅಕ್ಷರ ಲಿವರ್‌ಗೆ ಏನು ಮಾಡುತ್ತದೆ? ಲಿವರ್ ಜೀವಕೋಶದೊಳಗೆ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ನಿಂತಿರುತ್ತದೆ. ಆ ಹನಿಯನ್ನು ಒಡೆದು ಕರಗಿಸಲು ಎಟಿಜಿಎಲ್ ಅಂತ ಒಂದು ಎನ್‌ಜೈಮ್ ಇದೆ, ಅದಕ್ಕೆ ಒಂದು ಸಹಾಯಕ ಪ್ರೋಟೀನ್ ಬೇಕು. ಸಾಮಾನ್ಯ ಪಿಎನ್‌ಪಿಎಲ್‌ಎ3 ಪ್ರೋಟೀನ್ ಹನಿಯ ಮೇಲೆ ಬಂದು ಕೂತರೂ ಜೀವಕೋಶ ಅದನ್ನು ಸ್ವಲ್ಪ ಹೊತ್ತಿಗೆ ಕಿತ್ತು ಹಾಕುತ್ತದೆ. ಬದಲಾದ ಪ್ರೋಟೀನನ್ನು ಹಾಗೆ ಕೀಳಲು ಆಗುವುದಿಲ್ಲ. ಅದು ಹನಿಯ ಮೇಲೇ ರಾಶಿ ಬೀಳುತ್ತದೆ, ಎಟಿಜಿಎಲ್‌ಗೆ ಬೇಕಾದ ಸಹಾಯಕನನ್ನೂ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ತೋಟದ ಗೇಟಿಗೆ ಅಡ್ಡ ಲಾರಿ ನಿಲ್ಲಿಸಿದ ಹಾಗೆ. ಒಳಗೆ ಮೂಟೆ ತುಂಬುತ್ತಲೇ ಇರುತ್ತದೆ, ಹೊರಗೆ ಹೋಗುವುದು ಮಾತ್ರ ನಿಲ್ಲುತ್ತದೆ. ಕೊಬ್ಬು ನಿಂತಲ್ಲಿ ಊತ ಶುರುವಾಗುತ್ತದೆ, ಊತ ವರ್ಷಗಟ್ಟಲೆ ಇದ್ದರೆ ಗಾಯದ ಕಲೆಯ ತರಹ ಗಟ್ಟಿ ಅಂಶ ಬೆಳೆಯುತ್ತದೆ, ಅದು ಇಡೀ ಲಿವರ್ ಹಬ್ಬಿದರೆ ಸಿರೋಸಿಸ್.

ಒಂದೇ ತಾಯಿ ಹೊಟ್ಟೆಯ ಮಕ್ಕಳು ಬೇರೆ ಬೇರೆ ಯಾಕೆ ಅಂತ ಚಿಕ್ಕಮ್ಮ ಕೇಳಿದರು. ಅಜ್ಜನಿಗೆ ಒಂದು ಬದಲಾದ ಪ್ರತಿ, ಅಜ್ಜಿಗೆ ಒಂದು ಬದಲಾದ ಪ್ರತಿ ಇತ್ತು ಅಂದುಕೊಳ್ಳಿ. ಪ್ರತಿ ಮಗುವಿಗೂ ಎರಡೂ ಬದಲಾದ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದೂ ಸಿಗದೇ ಇರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಒಂದೇ ಒಲೆಯ ಅನ್ನ ಉಂಡು ಬೆಳೆದ ಅಣ್ಣತಮ್ಮಂದಿರು ಈ ವಿಷಯದಲ್ಲಿ ಎರಡು ತುದಿಯಲ್ಲಿರಬಹುದು. ಚಿಕ್ಕಪ್ಪನ ಜೀನ್ ಯಾರೂ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಅವರಿಗೆ ಇದೇ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಕುಡಿಯದ, ದಪ್ಪಗಿಲ್ಲದ ಮನುಷ್ಯನಿಗೂ ಹೀಗಾಗಬಹುದು ಅನ್ನುವುದಕ್ಕೆ ಕದ್ದು ಕುಡಿದ ಕಥೆ ಕಟ್ಟಬೇಕಾಗಿಲ್ಲ. 2010ರಲ್ಲಿ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ, ಹೊಲದಲ್ಲಿ ಮೈ ಮುರಿದು ದುಡಿಯುವ ಬಡ ಜನರನ್ನು ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನ ಬಂತು. 1,911 ಜನರಲ್ಲಿ ಶೇಕಡಾ 8.7 ಮಂದಿಗೆ ಫ್ಯಾಟಿ ಲಿವರ್ ಇತ್ತು, ಅವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಳತೆ) 25ಕ್ಕಿಂತ ಕೆಳಗೆ. ಅರ್ಧಕ್ಕೂ ಹೆಚ್ಚು ಜನರಿಗೆ ತೂಕವೂ ಜಾಸ್ತಿ ಇರಲಿಲ್ಲ, ಹೊಟ್ಟೆಯೂ ಬಂದಿರಲಿಲ್ಲ. ಚಿಕ್ಕಪ್ಪನಂಥವರು ಈ ದೇಶದಲ್ಲಿ ಬಹಳ ಜನ ಇದ್ದಾರೆ.

ಪಿಎನ್‌ಪಿಎಲ್‌ಎ3 ಒಂದೇ ಅಲ್ಲ. 2014ರಲ್ಲಿ ಅದೇ ಡಲ್ಲಾಸ್ ತಂಡ ಟಿಎಂ6ಎಸ್‌ಎಫ್2 ಅನ್ನುವ ಇನ್ನೊಂದು ಜೀನಿನ ವ್ಯತ್ಯಾಸವನ್ನು ಗುರುತಿಸಿತು. ಲ್ಯಾಬ್‌ನಲ್ಲಿ ಕೂತ ನನ್ನಂಥವರು ಇದನ್ನು ತಿಳಿದಿರಲೇಬೇಕು. ಲಿವರ್ ತನ್ನ ಕೊಬ್ಬನ್ನು ರಕ್ತಕ್ಕೆ ಕಳಿಸುತ್ತದಲ್ಲ, ಆ ದಾರಿ ಇಲ್ಲಿ ನಿಧಾನ ಆಗುತ್ತದೆ. ಲಿವರ್‌ನಲ್ಲಿ ಕೊಬ್ಬು ಕೂಡುತ್ತದೆ, ರಕ್ತದಲ್ಲಿ ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್ ಕಡಿಮೆ ಇರುತ್ತದೆ. ಅಂಥವರ ಲಿಪಿಡ್ ಪ್ರೊಫೈಲ್ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ, ಹೃದಯಕ್ಕೆ ಅದು ಸ್ವಲ್ಪ ಒಳ್ಳೆಯದೇ. ಆದರೆ 'ಕೊಲೆಸ್ಟ್ರಾಲ್ ನಾರ್ಮಲ್, ಹಾಗಾಗಿ ಲಿವರ್‌ಗೂ ತೊಂದರೆ ಇಲ್ಲ' ಅಂತ ತೀರ್ಮಾನ ಮಾಡುವ ಹಾಗಿಲ್ಲ. ಇನ್ನು 2018ರಲ್ಲಿ ಸಿಕ್ಕಿದ ಎಚ್‌ಎಸ್‌ಡಿ17ಬಿ13 ಜೀನಿನ ಒಂದು ವ್ಯತ್ಯಾಸ ಉಲ್ಟಾ, ಅದು ಇದ್ದವರಿಗೆ ಲಿವರ್ ಕೆಡುವ ಅಪಾಯ ಕಡಿಮೆ. ಕೊಬ್ಬು ಇದ್ದರೂ ಅದು ಊತ, ಕಲೆ ತನಕ ಹೋಗುವುದನ್ನು ತಡೆಯುತ್ತದೆ. ಅಪ್ಪನಂಥವರ ದಪ್ಪ ದೇಹದೊಳಗೆ ಇಂಥದ್ದೇನಾದರೂ ಕಾಯುತ್ತಿರಬಹುದು. ಅವಳಿಗಳ ಮೇಲೆ ಮಾಡಿದ ಅಧ್ಯಯನದ ಪ್ರಕಾರ ಲಿವರ್ ಕೊಬ್ಬಿನಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಭಾಗ ವಂಶದಿಂದ ಬರುತ್ತದೆ.

ಕುಡಿಯುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಚಿಕ್ಕಪ್ಪ ಕುಡಿಯುತ್ತಿರಲಿಲ್ಲ ಅಂತ ಹೇಳುವ ಭರದಲ್ಲಿ ಕುಡಿದು ಲಿವರ್ ಕಳೆದುಕೊಂಡವರಿಗೆ ಹಾಗೇ ಆಗಬೇಕಿತ್ತು ಅನ್ನುವ ಅರ್ಥ ಬರಬಾರದು. ಇದೇ ಪಿಎನ್‌ಪಿಎಲ್‌ಎ3 ಅಕ್ಷರ ಕುಡಿಯುವವರಲ್ಲಿ ಸಿರೋಸಿಸ್ ಅಪಾಯವನ್ನೂ ಹೆಚ್ಚಿಸುತ್ತದೆ ಅಂತ 2010ರಿಂದಲೇ ಗೊತ್ತಿದೆ. ಲೈನ್ ಮನೆಯಲ್ಲಿ ಅಕ್ಕಪಕ್ಕ ಇರುವ ಇಬ್ಬರು ಸಂಬಳದ ದಿನ ಒಟ್ಟಿಗೆ ಕೂತು ಒಂದೇ ಅಳತೆ ಕುಡಿಯುತ್ತಾರೆ, ಒಬ್ಬ ಎಪ್ಪತ್ತು ದಾಟುತ್ತಾನೆ, ಇನ್ನೊಬ್ಬ ನಲವತ್ತಕ್ಕೆ ಹೊಟ್ಟೆ ಊದಿಸಿಕೊಂಡು ಆಸ್ಪತ್ರೆ ಸೇರುತ್ತಾನೆ. ಎರಡನೆಯವನನ್ನು ಬೈಯುವುದು ಸುಲಭ. ತನ್ನ ಲಿವರ್‌ಗೆ ಆ ಅಳತೆ ತಡೆಯುವುದಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಲಿವರ್ ಕೆಟ್ಟಿದ್ದರೆ ಉಳಿದವರು ಕುಡಿತ ಪೂರ್ತಿ ಬಿಡುವುದು ಒಳ್ಳೆಯದು. ಮನೆಯಲ್ಲೇ ಮಾಡಿದ ವೈನ್ ಕೂಡ ಅದರಲ್ಲಿ ಸೇರಿತು. ಹಣ್ಣಿನದ್ದು, ಶುಂಠಿಯದ್ದು ಅಂತ ರಿಯಾಯಿತಿ ಇಲ್ಲ.

ಹಾಗಾದರೆ ಎಲ್ಲ ಹಣೆಬರಹವೇ? ಖಂಡಿತ ಅಲ್ಲ. ನಾನು ಬರೆಯಬೇಕು ಅಂದುಕೊಂಡಿದ್ದೇ ಇದನ್ನು. ಈ ಜೀನ್ ತಾನೊಂದೇ ಕೂತು ಲಿವರ್ ಕೆಡಿಸುವುದಿಲ್ಲ. ಅದರ ಮೇಲೆ ತೂಕ ಬಿದ್ದಾಗ, ಸಕ್ಕರೆ ಬಿದ್ದಾಗ, ಹೆಂಡ ಬಿದ್ದಾಗ ಅದರ ಆಟ ಜೋರಾಗುತ್ತದೆ. ತೂಕ ಕಡಿಮೆ ಇರುವವರಲ್ಲಿ ಒಳ್ಳೆಯ ಅಕ್ಷರದವರಿಗೂ ಕೆಟ್ಟ ಅಕ್ಷರದವರಿಗೂ ಸರಾಸರಿಯಲ್ಲಿ ಲಿವರ್ ಕೊಬ್ಬಿನ ವ್ಯತ್ಯಾಸ ಸಣ್ಣದು, ತೂಕ ಏರಿದ ಹಾಗೆ ಆ ವ್ಯತ್ಯಾಸ ಅಗಲ ಆಗುತ್ತಾ ಹೋಗುತ್ತದೆ ಅಂತ 2017ರಲ್ಲಿ ತೋರಿಸಿದರು. ಅಕ್ಕಿ, ಸಕ್ಕರೆ ಜಾಸ್ತಿ ತಿಂದಾಗ ಲಿವರ್ ಈ ಪಿಎನ್‌ಪಿಎಲ್‌ಎ3 ಪ್ರೋಟೀನನ್ನೇ ಜಾಸ್ತಿ ತಯಾರು ಮಾಡುತ್ತದೆ, ಅದು ಇನ್ನೊಂದು ಕಾರಣ. ನಮ್ಮ ಊಟ ಒಮ್ಮೆ ನೆನೆಸಿಕೊಳ್ಳಿ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ಪಾಪುಟ್ಟು, ಮಧ್ಯಾಹ್ನ ಅನ್ನ, ಹಬ್ಬಕ್ಕೆ ಕಡಂಬುಟ್ಟು, ನೂಪುಟ್ಟು, ಮಧ್ಯೆ ಮಧ್ಯೆ ಬೆಲ್ಲದ ಕಾಫಿ. ಎಲ್ಲರೂ ಬೈಯುವುದು ಹಂದಿ ಮಾಂಸವನ್ನು. ಅದರ ಕೊಬ್ಬು ಕಡಿಮೆ ಮಾಡಬೇಕು ನಿಜ, ಆದರೆ ತಟ್ಟೆಯಲ್ಲಿ ಅದರ ಪಕ್ಕ ಇರುವ ಅಕ್ಕಿಯ ರಾಶಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಅಜ್ಜಂದಿರು ಇದನ್ನೇ ತಿಂದು ಗದ್ದೆ ಉತ್ತು, ಏಲಕ್ಕಿ ಮಲೆ ಹತ್ತಿ ಇಳಿದರು. ನಾವು ಅದನ್ನೇ ತಿಂದು ಜೀಪಿನಲ್ಲಿ ತೋಟಕ್ಕೆ ಹೋಗುತ್ತೇವೆ.

ಸಂತೋಷದ ಸುದ್ದಿಯೂ ಇದೆ. ಫಿನ್ಲೆಂಡ್‌ನಲ್ಲಿ 2011ರಲ್ಲಿ ಮಾಡಿದ ಒಂದು ಸಣ್ಣ ಪ್ರಯೋಗದಲ್ಲಿ ಎರಡೂ ಪ್ರತಿ ಬದಲಾದವರಿಗೂ ಒಂದೂ ಬದಲಾಗದವರಿಗೂ ಆರು ದಿನ ಅಕ್ಕಿ, ಬ್ರೆಡ್, ಸಕ್ಕರೆಯ ತರಹದ್ದನ್ನು ತೀರಾ ಕಡಿಮೆ ಮಾಡಿದ ಊಟ ಕೊಟ್ಟರು. ಎರಡೂ ಗುಂಪಿನವರ ತೂಕ ಒಂದೇ ಅಳತೆಗೆ ಇಳಿಯಿತು. ಲಿವರ್ ಕೊಬ್ಬು ಮಾತ್ರ ಬದಲಾದ ಅಕ್ಷರದವರಲ್ಲಿ ಎರಡು ಪಟ್ಟಿಗೂ ಹೆಚ್ಚು ಇಳಿಯಿತು. ಹಾಂಕಾಂಗ್‌ನಲ್ಲಿ ಒಂದು ವರ್ಷ ಊಟ, ವ್ಯಾಯಾಮ ತಿದ್ದಿ ನೋಡಿದಾಗಲೂ ಅದೇ ಕಂಡಿತು. ಯಾರ ಲಿವರ್ ಬೇಗ ತುಂಬುತ್ತದೋ ಅವರದ್ದೇ ಬೇಗ ಇಳಿಯುತ್ತದೆ. ತೂಕ ಜಾಸ್ತಿ ಇರುವವರು ಅದರಲ್ಲಿ ಶೇಕಡಾ 7ರಿಂದ 10ರಷ್ಟು ಇಳಿಸಿದರೆ ಊತವೂ ಕಡಿಮೆಯಾಗುತ್ತದೆ. 80 ಕೆ.ಜಿ. ಇರುವವರಿಗೆ ಅದು ಆರರಿಂದ ಎಂಟು ಕೆ.ಜಿ. ಮಾತ್ರ.

ಕಾಫಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೊಡಗಿನವರು ಕೇಳದೇ ಇರುತ್ತಾರಾ! ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2021ರಲ್ಲಿ ಬಂತು. ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಲಿವರ್ ಕಾಯಿಲೆ ಶೇಕಡಾ 21ರಷ್ಟು ಕಡಿಮೆ ಇತ್ತು. ಇದು ಗಮನಿಸಿ ನೋಡಿದ ಲೆಕ್ಕ, ಕಾಫಿಯೇ ಕಾಪಾಡಿತು ಅಂತ ಸಾಬೀತು ಮಾಡಿದ್ದಲ್ಲ. ಆದರೂ ನಾನು ಕಾಫಿ ಬಿಡಿ ಅಂತ ಯಾರಿಗೂ ಹೇಳುವುದಿಲ್ಲ. ಅದರಲ್ಲಿರುವ ಬೆಲ್ಲ, ಸಕ್ಕರೆ ಬಿಡಿ ಅಂತ ಹೇಳುತ್ತೇನೆ.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಭಯ ಇದೆ. ಕಾಚಂಪುಳಿ ಅನ್ನುವ ನಮ್ಮ ಕಪ್ಪು ಹುಳಿ ಮಾಡುವ ಹಣ್ಣು ಗೊತ್ತಲ್ಲ, ಮಲೆನಾಡಿನವರು ಉಪ್ಪಾಗೆ ಅನ್ನುವುದು, ಅದೇ ಹಣ್ಣಿನ ಸಾರವನ್ನು 'ಗಾರ್ಸಿನಿಯಾ ಕ್ಯಾಂಬೋಜಿಯಾ' ಅಂತ ಹೆಸರು ಹಾಕಿ ತೂಕ ಇಳಿಸುವ ಮಾತ್ರೆಯಾಗಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಮ್ಮದೇ ಮರದ್ದು, ಏನೂ ಆಗುವುದಿಲ್ಲ ಅಂತ ಫ್ಯಾಟಿ ಲಿವರ್ ಇರುವವರು ತರಿಸಿಕೊಂಡು ನುಂಗುತ್ತಾರೆ. ಪಂದಿ ಕರಿಗೆ ಹಾಕುವ ಒಂದು ಚಮಚ ಕಾಚಂಪುಳಿ ಅಡುಗೆ. ಆ ಮಾತ್ರೆ ಬೇರೆ. ಅದನ್ನು ತಿಂದು ಕಾಮಾಲೆಯಾಗಿ ಲಿವರ್ ಕೈಕೊಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಅಲ್ಲೂ ಜೀನ್ ಬರುತ್ತದೆ. ಹಾಗೆ ಹಾಳಾದವರಲ್ಲಿ ಎಚ್‌ಎಲ್‌ಎ-ಬಿ 35:01 ಅನ್ನುವ ಒಂದು ಜೀನ್ ವಿಧ ಸಾಮಾನ್ಯಕ್ಕಿಂತ ಬಹಳ ಜಾಸ್ತಿ ಕಂಡಿತು. ತನಗೆ ಅದು ಇದೆಯೋ ಇಲ್ಲವೋ ಅಂತ ಗೊತ್ತಿಲ್ಲದೇ ಆ ಮಾತ್ರೆ ನುಂಗಬೇಡಿ, ದಯವಿಟ್ಟು.

ಹಾಗಾದರೆ ಜೀನ್ ಟೆಸ್ಟ್ ಮಾಡಿಸಬೇಕಾ? ಈಗ ಎಲ್ಲರೂ ಮಾಡಿಸಬೇಕು ಅಂತ ಯಾವ ವೈದ್ಯರ ಮಾರ್ಗಸೂಚಿಯೂ ಹೇಳುವುದಿಲ್ಲ. ಬಂದ ಉತ್ತರ ಏನೇ ಇದ್ದರೂ ಮಾಡಬೇಕಾದದ್ದು ಅದೇ ಊಟ, ಅದೇ ನಡಿಗೆ. ಆ ದುಡ್ಡು ಉಳಿಸಿ. ಅದಕ್ಕಿಂತ ಗಟ್ಟಿ ಸುಳಿವು ನಿಮ್ಮ ಮನೆಯಲ್ಲೇ ಇದೆ. ಫ್ಯಾಟಿ ಲಿವರ್‌ನಿಂದ ಸಿರೋಸಿಸ್ ಆದವರ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಸಾಮಾನ್ಯ ಜನರಿಗಿಂತ ಸುಮಾರು 12 ಪಟ್ಟು ಅಂತ ಅಮೆರಿಕದ ಸ್ಯಾನ್ ಡಿಯಾಗೊದ ವೈದ್ಯರು 2017ರಲ್ಲಿ ಕಂಡುಕೊಂಡರು. ಇದನ್ನು ಓದಿದ ವಾರವೇ ಅಪ್ಪನನ್ನೂ ಸೋದರತ್ತೆಯನ್ನೂ ಚಿಕ್ಕಪ್ಪನ ಇಬ್ಬರು ಮಕ್ಕಳನ್ನೂ ಲ್ಯಾಬ್‌ಗೆ ಕರೆಸಿ ರಕ್ತ ತೆಗೆದೆ. ಅತ್ತೆ ತೆಳ್ಳಗಿದ್ದಾರೆ, ನನಗೇನೂ ಇಲ್ಲ ಅಂತ ಎರಡು ಸಲ ಬರದೇ ತಪ್ಪಿಸಿಕೊಂಡರು. ಕೊನೆಗೆ ಚಿಕ್ಕಮ್ಮ ಫೋನ್ ಮಾಡಿ ಅತ್ತಮೇಲೆ ಬಂದರು.

ಬೇಕಾದದ್ದು ಮೂರೇ ಟೆಸ್ಟ್. ಲಿವರ್‌ಗೆ ಏಟು ಬಿದ್ದಾಗ ರಕ್ತದಲ್ಲಿ ಏರುವ ಎನ್‌ಜೈಮ್‌ಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ, ಮತ್ತೆ ಪ್ಲೇಟ್‌ಲೆಟ್. ಜೊತೆಗೆ ವಯಸ್ಸು. ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಎಲ್ಲ ಕಡೆ ಆಗುವ ಸಾದಾ ಪರೀಕ್ಷೆಗಳು ಇವು. ಲಿವರ್ ಗಟ್ಟಿಯಾಗಿರಬಹುದಾ ಅಂತ ಅಂದಾಜು ಮಾಡಲು ಫಿಬ್-4 ಅಂತ ಒಂದು ಲೆಕ್ಕ ಇದೆ: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ ಎಷ್ಟು ಸಾವಿರ ಇದೆಯೋ ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ 52 ವರ್ಷದವರೊಬ್ಬರು, ಎಸ್‌ಜಿಒಟಿ 48, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.6 ಲಕ್ಷ. 52 ಇಂಟು 48 ಅಂದರೆ 2,496. 36ರ ವರ್ಗಮೂಲ 6, ಅದನ್ನು 160ರಿಂದ ಗುಣಿಸಿದರೆ 960. ಭಾಗಿಸಿದರೆ 2.6. ಉತ್ತರ 1.3ಕ್ಕಿಂತ ಕೆಳಗಿದ್ದರೆ ಸದ್ಯಕ್ಕೆ ಭಯ ಇಲ್ಲ, 65 ದಾಟಿದವರಿಗೆ ಆ ಗಡಿ 2. 2.67 ದಾಟಿದರೆ ತಡ ಮಾಡಬಾರದು. ನಡುವೆ ಬಂದರೆ ಫೈಬ್ರೋಸ್ಕ್ಯಾನ್ ಮಾಡಿಸಿ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡಬೇಕು. ಈ ಉದಾಹರಣೆಯ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಎಸ್‌ಜಿಪಿಟಿ ನಾರ್ಮಲ್, ಪ್ಲೇಟ್‌ಲೆಟ್ ನಾರ್ಮಲ್, ಎಸ್‌ಜಿಒಟಿ ಒಂದು ಸ್ವಲ್ಪ ಜಾಸ್ತಿ. ಇಂಥ ಹಾಳೆಯನ್ನು ಮಡಚಿ ಜೇಬಿಗಿಟ್ಟು ಎಲ್ಲ ಸರಿ ಇದೆ ಅಂತ ಮನೆಗೆ ಹೋಗುವವರೇ ಹೆಚ್ಚು. ಚಿಕ್ಕಪ್ಪನ ಹಳೇ ಶುಗರ್ ಫೈಲಿನಲ್ಲೂ ಇಂಥದ್ದೇ ಹಾಳೆಗಳಿದ್ದವು, ವರ್ಷ ವರ್ಷಕ್ಕೂ ಪ್ಲೇಟ್‌ಲೆಟ್ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂದದ್ದು ಅದರಲ್ಲಿ ಕಾಣುತ್ತದೆ.

ಲೆಕ್ಕ ಹಾಕುವಾಗ ಒಂದು ಎಚ್ಚರ. ಜ್ವರ ಬಂದಾಗಿನ ರಿಪೋರ್ಟ್ ಬಳಸಬೇಡಿ. ಮಳೆಗಾಲದಲ್ಲಿ ಡೆಂಗಿ ಬಂದರೆ ಪ್ಲೇಟ್‌ಲೆಟ್ ಬಿದ್ದಿರುತ್ತದೆ, ಎಸ್‌ಜಿಒಟಿ ಏರಿರುತ್ತದೆ, ಆಗ ಲೆಕ್ಕ ಸುಮ್ನೆ ಹೆದರಿಸುತ್ತದೆ. ಜ್ವರ ಪೂರ್ತಿ ವಾಸಿಯಾಗಿ ಕೆಲವು ವಾರ ಕಳೆದಮೇಲೆ ಮಾಡಿಸಿ. ಡಾಕ್ಟರ್ ಹತ್ತಿರ ಹೋದಾಗ "ನಮ್ಮ ಅಣ್ಣನಿಗೆ ಸಿರೋಸಿಸ್ ಇತ್ತು, ಕುಡಿಯುತ್ತಿರಲಿಲ್ಲ" ಅಂತ ಬಾಯಿಬಿಟ್ಟು ಹೇಳಿ. ನಾವಾಗಿ ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಅತ್ತೆಯ ಫಿಬ್-4 ನಡುವಿನಲ್ಲಿ ಬಂತು. ಮೈಸೂರಿನಲ್ಲಿ ಫೈಬ್ರೋಸ್ಕ್ಯಾನ್ ಮಾಡಿಸಿದೆವು, ಲಿವರ್ ಸ್ವಲ್ಪ ಗಟ್ಟಿಯಾಗಲು ಶುರುವಾಗಿದೆ, ಆದರೆ ಹಿಂದಕ್ಕೆ ಬರುವ ಹಂತದಲ್ಲೇ ಇದೆ ಅಂದರು. ಈಗ ಮನೆಯಲ್ಲಿ ರಾತ್ರಿ ಅನ್ನ ಅರ್ಧ, ಸೊಪ್ಪು ಎರಡು ಪಟ್ಟು, ಕಾಫಿಗೆ ಬೆಲ್ಲ ಇಲ್ಲ.